ಉಳಿದ ಐದು

ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದರು.
ಒಂಬತ್ತು ಅಂದಳು ರೊಶೆಲ್.
ನಾಲ್ಕು ಅಂತ ಬರೆದುಕೊಂಡರು.

ನಾನು ಅಲ್ಲೇ ಇದ್ದೆ, ಕಿಟಕಿಯ ಪಕ್ಕ,
ತಂಗಿಯ ಚಪ್ಪಲಿ ಕೈಯಲ್ಲಿ ಹಿಡಿದು.
ಕಾಲು ಊದಿ ಯಾವುದೂ ಹಿಡಿಸುತ್ತಿರಲಿಲ್ಲ ಅವಳಿಗೆ.
ಪೆನ್ನು ಮೂರು ಗೀಟು ಎಳೆದದ್ದು ಕಂಡೆ.
ಬಾಯಿ ಬಿಡಲಿಲ್ಲ.
ಅಮ್ಮ ಕಲಿಸಿದ್ದಳು: ಬಿಳಿ ಕೋಟಿನ ಮುಂದೆ ದನಿ ಎತ್ತಬೇಡ,
ಕರಿಯ ಹೆಂಗಸು ದನಿ ಎತ್ತಿದರೆ ಜಗಳಗಂಟಿ ಅಂತಾರೆ,
ಜಗಳಗಂಟಿಯ ಮಾತು ಯಾರು ಕಿವಿಗೆ ಹಾಕಿಕೊಳ್ತಾರೆ?

ಹೆತ್ತ ಮೇಲೆ ತಲೆನೋವು ಸಹಜ ಅಂದರು.
ನೀರು ಕುಡಿ, ಮಲಗು ಅಂದರು.
ಆರನೆಯ ದಿನ ಬೆಳಗ್ಗೆ
ಒಲೆಯ ಮೇಲೆ ಹಾಲಿನ ಬಾಟಲಿ ಕುದಿಯುತ್ತಿತ್ತು,
ಅವಳು ಅಡುಗೆಮನೆಯ ನೆಲದ ಮೇಲೆ.
ನಾನು ಬಾಗಿಲು ತೆಗೆಯುವ ಹೊತ್ತಿಗೆ
ನೀರು ಆರಿ ಬಾಟಲಿ ಕರಗಿತ್ತು,
ಮಗು ಅತ್ತು ಅತ್ತು ದನಿ ಹೋಗಿತ್ತು.

ಒಂಬತ್ತರಲ್ಲಿ ನಾಲ್ಕು ಕಳೆದರೆ ಐದು.
ಆ ಐದು ಎಲ್ಲಿ ಹೋಯಿತು?
ಆಸ್ಪತ್ರೆಗೆ ಕಾಗದ ಬರೆದೆ. ಉತ್ತರ ಬಂತು,
ಮೂರು ಸಾಲು, ಕೆಳಗೆ ಯಾರದೋ ರುಜು.
ಐದರ ಸುದ್ದಿ ಇರಲಿಲ್ಲ.

ಅಜ್ಜಿ ಓಲಾ ಬೆಲ್ ಸೂಲಗಿತ್ತಿ.
ರೊನೋಕ್ ಹೊಳೆಯ ಈಚೆ ದಡದ ಅರ್ಧ ಊರು
ಅವಳ ಅಂಗೈಯ ಮೇಲೆ ಕಣ್ಣು ಬಿಟ್ಟದ್ದು.
ಒಂದು ದಿನ ಸರ್ಕಾರದ ನರ್ಸು ಬಂದು
ಚೀಲ ಬಿಚ್ಚಿಸಿ, ಕತ್ತರಿ ಎಣಿಸಿ,
ಪರವಾನಗಿ ಹಿಂದಕ್ಕೆ ತಗೊಂಡು ಹೋದಳಂತೆ.
ನೋಟ್‌ಬುಕ್ಕು ಮಾತ್ರ ಉಳಿಯಿತು. ಪೆನ್ಸಿಲಿನ ಅಕ್ಷರ.
ಅದರಲ್ಲಿ ಅಂಕಿಯೇ ಇಲ್ಲ.
"ಬೆನ್ನೊಳಗೆ ಯಾರೋ ಗರಗಸ ಎಳೀತಿದಾರೆ ಅಂದಳು."
"ಕಣ್ಣ ಮುಂದೆ ಮಿಣುಕುಹುಳ ಅಂದಳು. ರಾತ್ರಿಯೇ ಗಾಡಿ ಕಟ್ಟಿಸಿದೆ."
ಅವರು ಅಂದದ್ದು, ಅಂದ ಹಾಗೇ.

ಚರ್ಚಿನ ನೆಲಮಾಳಿಗೆಯಲ್ಲಿ
ಹುರಿದ ಮೀನಿನ ಊಟ ಮಾರಿ
ರಕ್ತದೊತ್ತಡ ನೋಡುವ ಪಟ್ಟಿ ಹದಿನಾಲ್ಕು ಕೊಂಡೆವು.
ಸಿಸ್ಟರ್ ಮೋಜೆಲ್ ಎರಡು ಶನಿವಾರ
ಎಣ್ಣೆಯ ಮುಂದೆ ನಿಂತು ಕೈ ಸುಟ್ಟುಕೊಂಡಳು.
ನಮ್ಮ ಕೌಂಟಿಯ ಹೆರಿಗೆ ವಾರ್ಡು ಈಗ ಬೀಗ ಹಾಕಿದ ಬಾಗಿಲು.
ಮುಂದಿನದು ಐವತ್ತೆಂಟು ಮೈಲಿ.

ಮೊನ್ನೆ ನಿಕೋಶಾಳ ಮನೆಗೆ ಹೋದೆ.
ಕಡಲೆಕಾಯಿ ಹೊಲದಂಚಿನ ತಗಡಿನ ಮನೆ,
ಬಾಣಂತನದ ನಾಲ್ಕನೆಯ ದಿನ.
ಏನಿಲ್ಲ ಆಂಟಿ, ತಲೆ ಒಂಚೂರು, ಅಂದಳು.
ಆ ಒಂಚೂರು ನನಗೆ ಗೊತ್ತು.
ಜೀವಮಾನವಿಡೀ ಒಂಬತ್ತನ್ನು ನಾಲ್ಕು ಮಾಡಿಸಿಕೊಂಡವರು
ಕೊನೆಗೆ ತಾವೇ ಕಳೆದು ಹೇಳುವ ಲೆಕ್ಕ ಅದು.
ತೋಳಿಗೆ ಪಟ್ಟಿ ಸುತ್ತಿದೆ. ಅದು ಉಬ್ಬಿತು, ಹಿಡಿಯಿತು, ಬಿಟ್ಟಿತು.
ನೂರ ಅರವತ್ತಾರು. ಕೆಳಗೆ ನೂರ ಹತ್ತು.

ಫೋನಿನಲ್ಲಿ ಸ್ವಲ್ಪ ಕಾಯಿರಿ ಅಂದರು.
ಇಲ್ಲ, ಕಾಯೋಲ್ಲ.
ನನ್ನ ದನಿ ನನಗೇ ಹೊಸದು.
ಬರೆದುಕೊಳ್ಳಿ. ನೂರ ಅರವತ್ತಾರು, ನೂರ ಹತ್ತು.
ಏನು ಬರೆದಿರಿ, ಓದಿ.
ಇನ್ನೊಂದು ಸಲ ಓದಿ.
ನಿಮ್ಮ ಹೆಸರು ಹೇಳಿ, ಅದನ್ನೂ ನಾನು ಬರೆದುಕೊಳ್ತೀನಿ.

ಜಗಳಗಂಟಿ ಅಂದುಕೊಂಡಿರಬಹುದು. ಅಂದುಕೊಳ್ಳಲಿ.
ಅಮ್ಮ, ನೀನು ಹೆದರಿಕೊಂಡೇ ಹೇಳಿದ್ದೆ, ಗೊತ್ತು.

ಐವತ್ತೆಂಟು ಮೈಲಿ, ಮಗು ನನ್ನ ಮಡಿಲಲ್ಲಿ,
ಗಂಡ ವರ್ನಲ್ ಸ್ಟೀರಿಂಗು ಬಿಗಿಹಿಡಿದು ಮಾತೇ ಆಡಲಿಲ್ಲ.
ಡಾಕ್ಟರು ಚಿಕ್ಕ ವಯಸ್ಸಿನವಳು. ಸ್ಟೂಲು ಎಳೆದುಕೊಂಡು
ಕೂತಳು. ಕೂತದ್ದನ್ನು ನಾನು ಗಮನಿಸಿದೆ.
ಹತ್ತಕ್ಕೆ ಎಷ್ಟು?
ನಿಕೋಶಾ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಲಿಲ್ಲ,
ಕಳೆಯಬೇಡ ಅಂತ ಮನಸ್ಸಿನಲ್ಲೇ ಅಂದೆ.
ಎಂಟು, ಅಂದಳು.

ನಾನು ಪೆನ್ನನ್ನೇ ನೋಡುತ್ತಿದ್ದೆ.
ಒಂದರ ಮೇಲೊಂದು ಎರಡು ಸೊನ್ನೆ.
ಸುತ್ತಿ ಬಂತು, ಕೆಳಗೂ ಸುತ್ತಿತು, ಕೂಡಿತು.

ಔಷಧ ಹನಿಹನಿಯಾಗಿ ಇಳಿಯತೊಡಗಿದ ಮೇಲೆ
ಹೊರಗೆ ಬೆಂಚಿನ ಮೇಲೆ ಕೂತೆ.
ನೋಡಿದರೆ, ಅವಳ ಚಪ್ಪಲಿ
ನನ್ನ ಕೈಯಲ್ಲೇ ಇದೆ.