ಗೋಡೆ ಪಕ್ಕದ ನೀರು

ಶಾರ್ಜಾದಲ್ಲಿ ಆಗಸ್ಟ್ ಬಂದರೆ ಕಿಟಕಿಗಳು
ಹೊರಮೈಯಲ್ಲಿ ಬೆವರುತ್ತವೆ.
ಒಳಗೆ ನಾವು ಬಿಳಿ ಕೋಟು ತೊಟ್ಟು
ಚಳಿಗೆ ಕೈ ಉಜ್ಜಿಕೊಳ್ಳುತ್ತ
ನೀರನ್ನು ಎಣ್ಣೆಯಲ್ಲಿ ಕೂಡಿಹಾಕುತ್ತೇವೆ.

ಒಬ್ಬರಿಗೊಬ್ಬರು ಆಗದವರನ್ನು ನಮ್ಮಲ್ಲಿ
ಎಣ್ಣೆ ಸೀಗೆಕಾಯಿ ಅನ್ನುತ್ತಾರೆ ಎಂದೆ ಡಾಕ್ಟರ್ ಮೌಝಾಗೆ.
ಸೀಗೆಕಾಯಿ ಎಂದರೇನು ಅಂತ ತಿಳಿಸಲು
ನನ್ನ ಮುರುಕು ಅರಬ್ಬಿಗೆ ಕಾಲು ಗಂಟೆ ಹಿಡಿಯಿತು:
ಕಾಯಿ, ನೊರೆ, ಕಣ್ಣುರಿ, ಶನಿವಾರ, ಹಂಡೆ.
ಆಕೆ ನಕ್ಕಳು. ಹಾಗಾದರೆ ಈ ಬಾಟಲಿಯಲ್ಲಿರುವುದು
ಅದೇ ಜಗಳದ ರಾಜಿ.
ಸಾಬೂನಿನ ಒಂದೊಂದು ಕಣಕ್ಕೂ
ತಲೆ ನೀರಿನ ಕಡೆ, ಬಾಲ ಎಣ್ಣೆಯ ಕಡೆ.
ತಲೆಗಳೆಲ್ಲ ಒಳಮುಖವಾಗಿ ಸುತ್ತುಗಟ್ಟಿ ನಿಂತರೆ
ನಡುವೆ ಇಷ್ಟೇ ಇಷ್ಟು ನೀರು,
ನೂರೈವತ್ತೋ ಇನ್ನೂರೋ ಕಣ.
ಒಂದು ಮದುವೆಯ ಪಂಕ್ತಿಗೂ ಸಾಲದು.

ಬಾಟಲಿ ನೋಡಿದರೆ ಬರೀ ತಿಳಿ.
ಬೆಳಕೂ ಎಡವದಷ್ಟು ಸಣ್ಣ ಹನಿಗಳು.

ಅಷ್ಟು ಇಕ್ಕಟ್ಟಿನಲ್ಲಿ ನೀರಿಗೆ
ನೀರಾಗಿರುವುದು ಕಷ್ಟವಂತೆ.
ಗೋಡೆ ಪಕ್ಕದ್ದು ಗೋಡೆಯನ್ನೇ ಹಿಡಿದುಕೊಂಡು
ಹೊರಳಲು ಹೊತ್ತು ತೆಗೆದುಕೊಳ್ಳುತ್ತದೆ.
ನಡುವಿನದ್ದು ಹೆಚ್ಚುಕಡಿಮೆ
ಬಾವಿಯ ನೀರಿನ ಹಾಗೆಯೇ.
ಆದರೆ ತೀರಾ ಸಣ್ಣ ಹನಿಗೆ ನಡು ಎಂಬುದೇ ಇಲ್ಲ,
ಇರುವುದೆಲ್ಲ ಗೋಡೆ ಪಕ್ಕದ್ದೇ.

(ನೀವು ಏನು ಯೋಚಿಸುತ್ತಿದ್ದೀರಿ ಗೊತ್ತು.
ರೋಲಾದಲ್ಲಿ, ನಟ್ಟು ಬೋಲ್ಟು ಅಂಗಡಿಯ ಮೇಲೆ,
ಪ್ಲೈವುಡ್ ಹೊಡೆದು ನಾಲ್ಕು ಮಾಡಿದ ಒಂದೇ ಕೋಣೆ.
ನಾನು, ಸುಗಂಧಿ, ಜೊಹರಾ, ಮಾರಿವಿಕ್.
ಮಗ್ಗುಲು ಬದಲಿಸಿದರೆ ಮೊಣಕೈ ಹಲಗೆಗೆ ತಾಗಿ
ಎಂತ ಮಾರಾಯ್ತಿ, ಅನ್ನುತ್ತದೆ ಹಲಗೆಯ ಆಚೆ.
ಬೇಡ, ಆ ಹೋಲಿಕೆ ಬೇಡ.
ನೀರಿಗೆ ಬಾಡಿಗೆಯಿಲ್ಲ, ವೀಸಾದ ತಾರೀಕಿಲ್ಲ.
ನಮ್ಮ ಕಥೆ ಹೇಳುವುದಕ್ಕೆಂದು
ಅದು ಆ ಹನಿಯೊಳಗೆ ಹೋಗಿ ಕೂತಿಲ್ಲ.)

ಮೊನ್ನೆ ಬಾಟಲಿಯನ್ನು
ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಟ್ಟು ಊಟಕ್ಕೆ ಹೋದೆವು.
ಬಂದು ನೋಡಿದರೆ ಪಕ್ಕದ ಲೋಟದ ನೀರು ಕಲ್ಲು.
ಇದು ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು.
ಇದಕ್ಕೆ ಚಳಿಯಾಗುವುದಿಲ್ಲವಾ ಎಂದೆ.
ಚಳಿ ಉಂಟು, ಜಾಗ ಇಲ್ಲ.
ಮಂಜುಗಡ್ಡೆಗೂ ಮೊದಲೊಂದು ಅಡಿಗಲ್ಲು ಬೇಕು,
ಆ ಅಡಿಗಲ್ಲೇ ಹನಿಗಿಂತ ದೊಡ್ಡದು.

ಕೋಟು ಕಳಚುವಾಗ ಆಕೆ ಇನ್ನೊಂದು ಹೇಳಿದಳು,
ಅದು ಬಸ್ಸಿನಲ್ಲಿ ನನ್ನ ಜೊತೆಗೇ ಬಂತು.
ಈ ಹನಿಗಳು ಸುಮ್ಮನೆ ಕೂರುವ ಪೈಕಿ ಅಲ್ಲ.
ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ,
ಸಾವಿರ ಸಲ ಹೊಡೆದು ಸರಿದುಹೋಗುತ್ತವೆ,
ಎಲ್ಲೋ ಒಂದು ಸಲ ಗೋಡೆ ಬಾಯಿಬಿಟ್ಟು
ಎರಡೂ ಒಂದಾಗಿ, ಇದ್ದುದನ್ನು ಹಂಚಿಕೊಂಡು
ಮತ್ತೆ ಎರಡಾಗುತ್ತವೆ.
ಯಾವ ನೀರು ಯಾರದ್ದಿತ್ತು
ಆಮೇಲೆ ಲೆಕ್ಕ ಸಿಗುವುದಿಲ್ಲ.

ಮನೆ ಮುಟ್ಟಿದಾಗ ಹನ್ನೊಂದು.
ಜೊಹರಾ ಪಾರ್ಲರಿನಿಂದ ಆಗಷ್ಟೇ ಬಂದು ಮಿಂದಿದ್ದಳು,
ತಲೆಗೆ ಸುತ್ತಿದ್ದು ನನ್ನ ಬೈರಾಸು.
ಅವಳದ್ದು ಸುಗಂಧಿಯ ಹಲಗೆಯ ಮೇಲೆ ಒಣಗುತ್ತಿತ್ತು.
ಏಸಿ ಕೆಳಗಿನ ಬಕೆಟ್ಟು ತುಂಬಿತ್ತು.
ಆ ನೀರನ್ನು ಮಾರಿವಿಕ್, ಚೊಂಬಿನಲ್ಲಿ ಒಂದಿಷ್ಟೂ ಚೆಲ್ಲದೆ,
ಪೇಂಟಿನ ಡಬ್ಬಿಯಲ್ಲಿರುವ
ಸುಗಂಧಿಯ ಬಸಳೆಗೆ ಹೊಯ್ಯುತ್ತಿದ್ದಳು.
ಅವಳು ಅದನ್ನು ಅಲುಗ್‌ಬಾತಿ ಎನ್ನುತ್ತಾಳೆ.
ನಮ್ಮೂರಿನ ಬಳ್ಳಿ, ಎನ್ನುತ್ತಾಳೆ.
ಸುಗಂಧಿಯೂ ಹಾಗೆಯೇ ಅನ್ನುತ್ತಾಳೆ.