ಎಡಕ್ಕೆ ಭಾರ

ಬಲಕ್ಕೆ ಹೇಗೋ ಹೊರಳುತ್ತದೆ. ಎಡಕ್ಕೆ
ಒದ್ದೆ ತಾಡಪಾಲು ಎಳೆದ ಹಾಗೆ.
ಬೆಳಿಗ್ಗೆ ಕೀಲಿ ತಿರುವಿದರೆ ಬಾನೆಟ್ಟಿನೊಳಗೆ
ಯಾರದೋ ಕೂಸು ರಚ್ಚೆ ಹಿಡಿದ ಸದ್ದು;
ಬಿಣಗಾ ದಾಟುವಷ್ಟರಲ್ಲಿ ತನಗೇ ಸಾಕಾಗಿ ಸುಮ್ಮನಾಗುತ್ತದೆ.

ಕೈಗಾದಿಂದ ವರ್ಗವಾದವರು ಮಾರಿಹೋದ ಕಾರು.
ಅದಕ್ಕೆ ಹದಿನೇಳು ವರ್ಷ, ನಾನು ಮೂರನೆಯವಳು.
ಸೀಟಿನ ಸಂದಿಯಲ್ಲಿ ಕೇರಂನ ಕೆಂಪು ಬಿಲ್ಲೆ ಸಿಕ್ಕಿತ್ತು,
ಅದೃಷ್ಟ ಅಂದುಕೊಂಡಿದ್ದೆ.

ಅಂಗಳದ ಕೆಂಪು ಹನಿ ಮೊದಲು ಕಂಡದ್ದು ನನಗಲ್ಲ,
ಗುನಗಿ ಮಾಸ್ತರರ ಹೆಂಡತಿಗೆ.
"ನಿನ್ನ ಗಂಡ ಮತ್ತೆ ಕವಳ ಶುರು ಮಾಡಿದನಾ?
ಉಗುಳುವುದಾದರೆ ನಿಮ್ಮ ಬದಿಗೇ ಉಗುಳಲಿ."
ದಿಗಂಬರ ಕವಳ ಬಿಟ್ಟು ಆರು ವರ್ಷ.
ಅವನೇನೂ ಹೇಳಲಿಲ್ಲ. ಬೆರಳಲ್ಲಿ ಹನಿ ಒತ್ತಿ, ಮೂಸಿ,
ಕೇಸು ಗೆದ್ದವನ ಹಾಗೆ ನನ್ನ ಮೂಗಿನ ಹತ್ತಿರ ತಂದ.
ಎಣ್ಣೆ.

ಹೈವೇ ಬದಿಯ ದೊಡ್ಡ ಗ್ಯಾರೇಜಿನ ಹುಡುಗ
ಕೆಳಗೆ ಬಗ್ಗದೆಯೇ ಹೇಳಿದ: ರ‍್ಯಾಕ್ ಹೋಗಿದೆ, ಇಪ್ಪತ್ತೆರಡು ಸಾವಿರ.
ಇನ್ನೊಬ್ಬ: ಪಂಪು. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕರೆ ನಿಮ್ಮ ಪುಣ್ಯ.
ಮತ್ತೊಬ್ಬ: ಮಾರಿಬಿಡಿ ಅಕ್ಕಾ,
ಬೇಕಾದರೆ ನಾನೇ ತಕ್ಕೊಳ್ತೇನೆ.

ಹತ್ತೊಂಬತ್ತು ದಿನ ಹಾಗೇ ಓಡಿಸಿದೆ.
ಹಿಂದಿನ ಸೀಟಿನಲ್ಲಿ ಬೈತಕೋಲದ ಬೋಟುಗಳಿಗೆ ಹೊಲಿದ ಹೊದಿಕೆ,
ಮಡಿಚಿದರೂ ಒಂದಾಳು ಭಾರ.
ತಿರುವು ಕಾಣುವ ಮೊದಲೇ ಸೊಂಟ ತಿರುಗಿರುತ್ತಿತ್ತು.
ನಿಂತಲ್ಲೇ ಸ್ಟಿಯರಿಂಗ್ ಎಳೆಯಬಾರದು, ಚೂರು ಉರುಳಲಿ,
ಉರುಳುವಾಗ ಕೇಳಿದರೆ ಕೊಡುತ್ತದೆ,
ಯಾರೂ ಹೇಳಿಕೊಡದೆ ಕಲಿತೆ.
ಅರ್ಗಾದಲ್ಲಿ ಹಿಂದಿನ ಲಾರಿ ಹಾರ್ನು ಬಜಾಯಿಸಿದರೆ
ಬಜಾಯಿಸಲಿ.
ರಾತ್ರಿ ಭುಜಕ್ಕೆ ತೆಂಗಿನೆಣ್ಣೆ ತಿಕ್ಕುತ್ತ ದಿಗಂಬರ ನಕ್ಕ:
"ಸೋರುವುದು ಎಲ್ಲಿ, ಹಾಕುವುದು ಎಲ್ಲಿ!"

ಕೊನೆಗೆ ಕೋಡಿಬಾಗದ ಕೈತಾನ.
ಬೋಟಿನ ಇಂಜಿನು ಬಿಚ್ಚುವವ; ಕಾರು ಮುಟ್ಟುವುದು
ಭಾನುವಾರ, ಇಗರ್ಜಿಯಿಂದ ಬಂದ ಮೇಲೆ.
ಡಬ್ಬಿಯ ಮುಚ್ಚಳ ತೆಗೆದ. ಎಣ್ಣೆಯ ಮೇಲೆ
ಆಗಷ್ಟೇ ಕರೆದ ಹಾಲಿನಂಥ ನೊರೆ, ಆದರೆ ಗುಲಾಬಿ.
"ಎಣ್ಣೆ ಹೊರಗೆ ಹೋದದ್ದು ಆಮೇಲೆ, ಬಾಯೀ.
ಗಾಳಿ ಒಳಗೆ ಬಂದದ್ದು ಮೊದಲು."
ಪೈಪಿನ ಕುತ್ತಿಗೆಯಿಂದ ಒಂದು ಉಂಗುರ ಕಿತ್ತು ನನ್ನ ಅಂಗೈಗೆ ಹಾಕಿದ.
ಬಿಸಿಗೆ ಬಿರಿದ ರಬ್ಬರು,
ನನ್ನ ಮಿಶನ್ನಿನಲ್ಲಿ ಬಾಬಿನ್ ಸುತ್ತುವುದರಷ್ಟೇ.
ಅಂಥವು ನನ್ನ ಡಬ್ಬದಲ್ಲಿ ಒಂದು ಡಜನ್ ಇವೆ ಎಂದೆ.
"ಈ ಎಣ್ಣೆಗೆ ಅವು ಉಬ್ಬಿ ಸಾಯ್ತವೆ" ಅಂದ.
ಅಂದರೂ ಒಂದು ಗಳಿಗೆ
ನನ್ನನ್ನು ಗಿರಾಕಿಯ ಹಾಗೆ ನೋಡಲಿಲ್ಲ.

ಹೊಸ ಉಂಗುರ. ಹೊಸ ಎಣ್ಣೆ.
ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಮೇಲೆ.
"ಇಂಜಿನು ಬಂದ್. ತಿರುಗಿಸು. ಈ ತುದಿಯಿಂದ ಆ ತುದಿ,
ಇಪ್ಪತ್ತು ಸಲ. ಅವಸರ ಬೇಡ."
ಗಾಲಿಗಳು ಒಮ್ಮೆ ಕಾಳಿಯ ಕಡೆ,
ಒಮ್ಮೆ ಕಡಲ ಕಡೆ ಮುಖ ಮಾಡಿದವು,
ಎಲ್ಲಿಗೂ ಹೋಗದೆ.
ಡಬ್ಬಿಯ ಮೇಲೆ ಬಗ್ಗಿದ ಕೈತಾನ ಕೂಗಿ ಹೇಳುತ್ತಿದ್ದ:
ದೊಡ್ಡ ಗುಳ್ಳೆ. ಇನ್ನೂ ದೊಡ್ಡದು. ಈಗ ಸಾಸಿವೆ.
ಈಗ ಒಂದು. ಒಂದು.
ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.

ನಾನೂರು ಕೊಟ್ಟೆ. ಐವತ್ತು ವಾಪಸು ಕೊಟ್ಟ.

ಮನೆಯ ಓಣಿಗೆ ಬಂದಾಗ ಮರೆತೆ.
ಹತ್ತೊಂಬತ್ತು ದಿನದ ಬಲ ಭುಜದಲ್ಲೇ ಕೂತಿತ್ತು,
ಎಡಕ್ಕೆ ಎಳೆದೆ.
ಬಿಸಿಬಾಣಲೆಯ ಬೆಣ್ಣೆಯಂತೆ ಜಾರಿ ಕಾರು
ಗುನಗಿ ಮಾಸ್ತರರ ದಾಸವಾಳದ ಬೇಲಿಗೆ ನುಗ್ಗಿ ನಿಂತಿತು.
ಇಳಿದು ಬಗ್ಗಿದೆ. ಗಾಲಿಯ ಕೆಳಗೆ ಮತ್ತೆ ಕೆಂಪು.
ಬೆರಳಿಗೆ ಹಚ್ಚಿ ಮೂಸಿದೆ:
ವಾಸನೆಯೇ ಇಲ್ಲ.
ಅಷ್ಟರಲ್ಲಿ ಜಗಲಿಯಿಂದ ಕೂಗು:
"ಇದಕ್ಕಿಂತ ಅವನು ಉಗುಳಿದ್ದರೇ ಅಡ್ಡಿರಲಿಲ್ಲ!"