ಉಗಿ

ದಿನಕ್ಕೆ ನಲವತ್ತು ಲೋಟ ಕಾಫಿ ಬಾಯಿಗಿಡುತ್ತೇನೆ,
ಒಂದನ್ನೂ ಕುಡಿಯುವುದಿಲ್ಲ.
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ, ತಗಡಿನ ಮಾಡಿನ ಕೆಳಗೆ
ಹದಿನೇಳು ವರ್ಷದಿಂದ ಇದೇ ಕೆಲಸ:
ನಾಲ್ಕನೆಯ ನಿಮಿಷಕ್ಕೆ ಚಮಚದ ಬೆನ್ನಿನಿಂದ ಕೆನೆ ಒಡೆ,
ಮೂಗು ಬಗ್ಗಿಸು,
ಸೊರ್ರೆಂದು ಎಳೆ,
ನಾಲಿಗೆ ಹೇಳುವುದನ್ನು ಕೇಳಿಕೋ,
ಉಗಿ.
ಲೋಟದಿಂದ ಏಳುವುದೂ ಉಗಿ, ನನಗಿರುವ ಆಜ್ಞೆಯೂ ಉಗಿ.
ಧರ್ಮಾವತಿ ತೊಳೆದಿಡುವ ಪೀಕದಾನಿಗೆ
ನನ್ನ ಹೊಟ್ಟೆಗಿಂತ ಹೆಚ್ಚು ಕಾಫಿ ಗೊತ್ತು.

ಹೊಟ್ಟೆಯದು ಒಂಬತ್ತು ವರ್ಷದ ಮುನಿಸು.
ಕೊಟ್ಟರೆ ಒದೆಯುತ್ತದೆ, ಕೊಡದಿದ್ದರೆ ಕೂಗುತ್ತದೆ.
ವಿರಾಜಪೇಟೆಯ ಮದುವೆಯಲ್ಲಿ ಪಂದಿಕರಿಯ ಘಮದ ನಡುವೆ
ಒಂದೇ ಒಂದು ಕಡಂಬುಟ್ಟನ್ನು ತಟ್ಟೆಯಲ್ಲಿ ಉರುಳಿಸುತ್ತ ಕೂತರೆ
"ಏನು ಬೊಳ್ಳಮ್ಮ, ಡಯಟ್ಟಾ?" ಅನ್ನುತ್ತಾರೆ.
ಹೌದು ಅನ್ನುತ್ತೇನೆ.
ಈ ಜಿಲ್ಲೆಯ ಮದುವೆ ಮಂಟಪಗಳಲ್ಲೆಲ್ಲ
ಕಕ್ಕಸಿಗೆ ಹತ್ತಿರದ ಕುರ್ಚಿ ಯಾವುದು, ಕೇಳಿ, ಹೇಳುತ್ತೇನೆ.

ಒಂದು ಸಂಜೆ ಕೆಲಸದ ಅಂಕಪಟ್ಟಿಯಲ್ಲೇ ಅದನ್ನೂ ಬರೆದೆ.
ಆಮ್ಲ: ತೀಕ್ಷ್ಣ. ಮೈ: ತೆಳು.
ಕೊನೆಯ ರುಚಿ: ಬೆಳಗಿನ ಮೂರರವರೆಗೆ ಉಳಿಯುತ್ತದೆ.
ದೋಷಗಳು: ಜಾಗ ಸಾಲದು.

ಮೈಸೂರಿನಿಂದ ಬಸ್ಸಿನಲ್ಲಿ ಬಂತು ಪೊಟ್ಟಣ.
ಮೀನೆಂದುಕೊಂಡ ಕಂಡಕ್ಟರ್ ದಾರಿಯುದ್ದಕ್ಕೂ ಅದನ್ನು ಬೈದನಂತೆ.
ಐಸಿನ ನಡುವೆ ಹೆಬ್ಬೆರಳಿನಷ್ಟು ಸೀಸೆ,
ತಳದಲ್ಲಿ ಚಿಟಿಕೆ ಬಿಳಿ ಪುಡಿ: ಪೆಪ್ಟೈಡು.
ಹದಿನೈದು ಅಮೈನೋ ಆಮ್ಲಗಳ ಸರ ಎಂದು
ಕ್ಲಿನಿಕ್ಕಿನ ಹುಡುಗ ಹದಿನೈದು ಸೊನ್ನೆ ಬರೆದು ಗೆರೆ ಪೋಣಿಸಿದ್ದ.
ನನಗೆ ಕಂಡದ್ದು ಅಜ್ಜಿಯ ಜೋಮಾಲೆ,
ಮೇಲೆ ತೆಳು ಚಿನ್ನ, ಒಳಗೆ ಅರಗು.

ಮಡಿಕೇರಿಯ ಡಾಕ್ಟರು ಕನ್ನಡಕ ತೆಗೆದರು.
"ಇಲಿಗಳ ಕರುಳು ಮಾಗಿದೆ, ನಿಜ.
ಮನುಷ್ಯರದ್ದು ಯಾರೂ ಸರಿಯಾಗಿ ನೋಡಿಲ್ಲ.
ನಾನು ಬರೆದುಕೊಡಲಾರೆ."
ಇಲಿಗಳಿಗೆ ಮದುವೆ ಕರೆಯೋಲೆ ಬರುವುದಿಲ್ಲ ಡಾಕ್ಟರೇ,
ಎನ್ನಬೇಕೆಂದಿದ್ದೆ. ಫೀಸು ಕೊಟ್ಟು ಬಂದೆ.

ಕುಲುಕಬಾರದು, ಅಂಗೈಯಲ್ಲಿ ಉರುಳಿಸಬೇಕು;
ಇಷ್ಟು ಮಾತ್ರ ಕೈಗೆ ಮೊದಲೇ ಗೊತ್ತಿತ್ತು.
ಫ್ರಿಜ್ಜಿನಲ್ಲಿ, ಅಮ್ಮನ ಕಾಲದ ಕಾಚಂಪುಳಿ,
ಮೂವತ್ತು ವರ್ಷ ಕೆಡದೆ ಕಪ್ಪಾಗಿ ಕೂತದ್ದು,
ಅದರ ಪಕ್ಕ ಇಪ್ಪತ್ತೆಂಟು ದಿನದ ಆಯಸ್ಸಿನ ಸೀಸೆ.
ಕರೆಂಟು ಹೋದ ರಾತ್ರಿ ಎದ್ದು ಬಾಗಿಲಿಗೆ ಕೈಯೊತ್ತಿ ನಿಂತೆ,
ತಂಪು ಓಡಿಹೋಗದಂತೆ.
ಹೊಕ್ಕುಳಿನ ಮಗ್ಗುಲಲ್ಲಿ ಚಿವುಟಿ ಹಿಡಿದ ಚರ್ಮ,
ಕೂದಲೆಳೆಯ ಸೂಜಿ.
ಅಷ್ಟೇ. ಏನೂ ಆಗುವುದಿಲ್ಲ.
ಅದೇ ಕಷ್ಟ.

ಕಕ್ಕಡದ ಹದಿನೆಂಟು. ಅಮ್ಮತ್ತಿಯಲ್ಲಿ ನಾದಿನಿ ಪೊನ್ನಕ್ಕಿ
ಮದ್ದುಸೊಪ್ಪು ಕುದಿಸಿ ಪಾಯಸ ಮಾಡಿದಳು,
ನೇರಳೆಗಿಂತ ನೇರಳೆ.
ಹದಿನೆಂಟು ಮದ್ದು ಇದರಲ್ಲಿ, ತಿನ್ನು ಎಂದಳು. ಎರಡು ಚಮಚ ತಿಂದೆ.
ಮಾರನೆಯ ಬೆಳಿಗ್ಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ
ಬಚ್ಚಲಿನಿಂದ ಬಂದು ನಗುತ್ತ ವರದಿ ಒಪ್ಪಿಸಿದರು:
ಕೆಂಪು! ಮದ್ದು ಹಿಡಿದಿದೆ.
ನನ್ನದೂ ಕೆಂಪು. ಎಷ್ಟು ಸಂತೋಷವಾಯಿತೆಂದರೆ
ನಾಚಿಕೆಯಾಯಿತು.
ಸೀಸೆಯ ಮದ್ದೇ, ನಿನಗೊಂದು ಬಣ್ಣವಿರಬಾರದಿತ್ತೇ.
ಹಿಡಿದೆಯೋ, ಸುಮ್ಮನೆ ಹಾದುಹೋದೆಯೋ,
ಸಾವಿರಗಟ್ಟಲೆ ಸುರಿದವಳಿಗೆ ಒಂದು ಗುರುತು?

ಇವತ್ತು ಪಾಲಿಬೆಟ್ಟದ ಸ್ಯಾಂಪಲ್, ಮೂವತ್ತೊಂದನೆಯ ಲೋಟ.
ತೊಳೆದ ರೊಬಸ್ಟಾ. ಸುಟ್ಟ ಬೆಲ್ಲ, ಒದ್ದೆ ಸೌದೆ,
ಆಮೇಲೆ ಹಿಂದಿನಿಂದ ಹಲಸಿನ ತೊಳೆಯಂಥದೇನೋ.
ಅದನ್ನು ಹುಡುಕುತ್ತ ಹೋದ ನಾಲಿಗೆ
ಹಿಂದಿರುಗುವಷ್ಟರಲ್ಲಿ ನುಂಗಿಬಿಟ್ಟಿದ್ದೆ.
ಪೀಕದಾನಿ ಹಿಡಿದ ಧರ್ಮಾವತಿಯ ಕೈ ಹಾಗೇ ಇತ್ತು.
"ಅಕ್ಕಾ," ಅಂದಳು.
ತಡಿ, ಅಂದೆ.

ಸೂಜಿಯೋ, ಸೊಪ್ಪೋ, ಮರೆವೋ,
ಇಲ್ಲ, ಇನ್ನೂ ತಡವಾಗಿ ಬರಲಿರುವ ಒದೆಯೋ.
ಹನ್ನೊಂದೂವರೆ.
ಹನ್ನೆರಡು ಹೊಡೆಯಿತು ಸೈರನ್.
ಮೂವತ್ತೆರಡನೆಯ ಲೋಟ ಆರುತ್ತಿದೆ.